ಹಾರ್ನಿಲ್ಲದ ಹದಿನೆಂಟು ದಿನ

ನಮ್ಮ ಮನಿಯಾಗ ಒಂದು ಸಾಮಾನು ಕೆಟ್ಟಿತು ಅಂದ್ರ ಅದು ಸುಮ್ಮನ ಕೆಡೂದಿಲ್ಲ. ಕಾಲನಿ ಮಂದಿಗೆಲ್ಲಾ ಕೆಲಸ ಹಚ್ಚಿ, ನನ್ನ ಮರ್ಯಾದಿ ತಗದು, ಕಡೀಕ ಎಲ್ಲಿ ಕೆಟ್ಟಿತ್ತು ಅಂತ ಗೊತ್ತಾದಾಗ ತಲಿ ಮ್ಯಾಲ ಕೈ ಹೊತ್ತು ಕುಂಡ್ರೂ ಹಂಗ ಮಾಡಿ ಕೆಡತೈತಿ. ಮಿಕ್ಸರ್ ಹಿಂಗ ಕೆಟ್ಟೈತಿ, ಟಿ.ವಿ. ಹಿಂಗ ಕೆಟ್ಟೈತಿ. ಒಂದು ಗ್ವಾಡಿ ಗಡಿಯಾರ ಅಂತೂ ಇಬ್ಬರು ಇಂಜಿನಿಯರರ ನಡುವಿನ ಮಾತೇ ಬಿಡಿಸಿಬಿಟ್ಟೈತಿ. ಆದ್ರ ಕಾರಿನ ಹಾರ್ನು ಕೆಟ್ಟ ಕತಿ ಮುಂದ ಅವೆಲ್ಲಾ ಏನೂ ಅಲ್ಲ.

ನಾವು ಯಾರು ಅಂತ ಮೊದಲ ಹೇಳಿಬಿಡ್ತೀನಿ. ಹೈದರಾಬಾದಿನ ಕುಷಾಯಿಗೂಡದಾಗ, ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರಖಾನಿಯ ಬಾಜೂಕ ಇರೂ ಮಂದಿ ನಾವು. ನಾ ಗದಗಿನಾಕಿ, ನಮ್ಮನಿಯವರು ರಾಯಚೂರಿನವರು. ಇಬ್ಬರದೂ ಅದ ಕಾರಖಾನಿಯಾಗ ನೌಕರಿ. ಅವರದು ಮೆಂಟೆನೆನ್ಸು, ನಂದು ಇನ್ಸ್‌ಪೆಕ್ಷನ್ನು. ತಯಾರಾದ ಮಾಲು ನನ್ನ ಟೇಬಲ್ ದಾಟೇ ಹೊರಗ ಹೋಗಬೇಕು. ಇಪ್ಪತ್ತೇಳು ವರ್ಷ ಅದನ್ನ ಮಾಡೀನಿ, ಒಂದು ಸ್ಕ್ರೂ ಸಡಿಲಿದ್ರೂ ಬಿಟ್ಟಾಕಿ ಅಲ್ಲ. ಇಂಥಾ ನನ್ನ ಕಣ್ಣಿಗೇ ಮಣ್ಣು ಬಿದ್ದದ್ದು ಹ್ಯಾಂಗ ಅಂತ ಹೇಳತೀನಿ.

ಕಲಿತದ್ದು ಒಂದ ವಿದ್ಯಾ

ಆ ಕಾಲಕ್ಕ ಗಚ್ಚಿಬೌಲಿ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳತಿತ್ತು. ನನ್ನ ಮಗಳು, ಅಳಿಯ ಇಬ್ಬರೂ ಅಲ್ಲೇ ಕಂಪ್ಯೂಟರ್ ಕಂಪನಿಯಾಗ ಕೆಲಸಕ್ಕಿದ್ರು. ಅಲ್ಲಿ ಹುಡುಗ್ರು ಅಂಗಿ ಬದಲಿಸಿದಂಗ ಕಾರು ಬದಲಿಸತಿದ್ರು. ಅಳಿಯನೂ ಹೊಸಾದು ತಗೊಂಡ, ಹಳೇದನ್ನ ತಂದು ನಮ್ಮ ಗೇಟಿನ ಮುಂದ ನಿಲ್ಲಿಸಿ, ಅತ್ತಿ, ಇದು ನಿಮಗ ಇರಲಿ ಅಂದ.

ನಮ್ಮನಿಯವರಿಗೆ ಕಾರು ಹೊಡಿಯಾಕ ಬರತಿತ್ತು. ಆದ್ರ ಅದ ವಾರ ಅವರ ಕಣ್ಣಿನ ಪೊರಿ ತಗಿಸಿದ್ವಿ, ಡಾಕ್ಟರು ಮೂರು ತಿಂಗಳು ಸ್ಟೇರಿಂಗ್ ಮುಟ್ಟಬ್ಯಾಡ್ರಿ ಅಂದಿದ್ರು. ಅತ್ತ ಮಗಳಿಗೆ ಏಳರಾಗ ಬಿದ್ದಿತ್ತು. ಚೊಚ್ಚಲ ಹೆರಿಗಿ, ತವರಮನಿಗೇ ಬರಬೇಕು. ಆದ್ರ ಆಕಿ ಮೊದಲಿಂದ ತೋರಿಸ್ಕೊಂಡ ಡಾಕ್ಟರಮ್ಮ ಗಚ್ಚಿಬೌಲಿ ಕಡೆ ಆಸ್ಪತ್ರಿಯಾಕಿ. ಕುಷಾಯಿಗೂಡ ಊರಿನ ಈ ತುದಿ, ಗಚ್ಚಿಬೌಲಿ ಆ ತುದಿ. ಬಾಡಿಗಿ ಟ್ಯಾಕ್ಸಿ ಬೇಕಂದ್ರ ಆಗ ಹಿಂದಿನ ದಿನನ ಹೇಳಿ ಇಡಬೇಕಿತ್ತು. ಬ್ಯಾನಿ ಏನು ಹಿಂದಿನ ದಿನ ಹೇಳಿ ಕಳಿಸಿ ಬರತಾವೇನು? ನಾನ ಕಲೀತೀನಿ ಅಂದೆ. ಆಗ ನನಗ ಐವತ್ತೆರಡು ವರ್ಷ.

ಡ್ರೈವಿಂಗ್ ಕಲಿಸಿದ ಮಾಸ್ತರು ಭಾಳ ಒಳ್ಳೇ ಮನಷ್ಯಾ. ಕ್ಲಚ್ಚು, ಗೇರು, ಕನ್ನಡಿ ಎಲ್ಲಾ ಕಲಿಸಿದ್ರು. ನಾ ಪೂರಾ ಕಲಿತದ್ದು ಹಾರ್ನು ಒಂದ. ನಾಯಿ ಕಂಡ್ರೂ ಹಾರ್ನು, ನಿಂತ ಸ್ಕೂಟರ್ ಕಂಡ್ರೂ ಹಾರ್ನು, ತಿರುವು ಬಂದ್ರೂ ಹಾರ್ನು, ತಿರುವು ಬರೂದೈತಿ ಅನಿಸಿದ್ರೂ ಹಾರ್ನು. ಎಡಕ್ಕ ಹೋಗೂದು ಬಲಕ್ಕ ಹೋದ್ರ, ರಸ್ತೇನ ಸರಿ ಇಲ್ಲ ಅಂತಿದ್ದೆ. ನಮ್ಮನಿಯವರು ಬಾಜೂಕ ಕುಂತು, ಕುಣಿಲಾರದಾಕಿಗೆ ಅಂಗಳ ಡೊಂಕು ಅಂತ ಮೆಲ್ಲಕ ಅಂತಿದ್ರು. ಹಾರ್ನಿನ ಸಪ್ಪಳದಾಗ ಅದು ನನಗ ಕೇಳಸ್ತಿರಲಿಲ್ಲ ಅಂತ ಅವರ ತಿಳವಳಿಕಿ.

ಒಂದ ತಿಂಗಳದಾಗ ಕಾಲನಿ ಮಂದಿ ನನ್ನ ಹಾರ್ನಿಗೆ ಹೊಂದಿಕೊಂಡ್ರು. ಮುಂಜಾನಿ ನಾ ಗೇಟಿನಿಂದ ಹೊರಗ ಬಂದ್ರ ಆಡೂ ಹುಡುಗ್ರೆಲ್ಲಾ ತಾವಾಗೇ ಕಂಪೌಂಡು ಏರತಿದ್ರು. ತಳ್ಳೋ ಗಾಡಿಯಾಗ ಕಾಯಿಪಲ್ಯ ಮಾರಾಕ ಬರೂ ಮುದುಕನಂತೂ ಒಂದಿನ ಬಾಗಿಲು ಬಡಿದು, ಅಮ್ಮಾ, ಇವತ್ತ ಎಷ್ಟೊತ್ತಿಗೆ ಹೊಂಟೀರಿ ಹೇಳಿಬಿಡ್ರಿ, ನಾ ಮೊದಲ ಮಾರಿ ಮುಗಿಸಿ ಹೋಗತೀನಿ ಅಂದ.

ಒಂದನೇ ನಂಬರು

ಮಗಳು ಒಂಬತ್ತರಾಗ ಬಿದ್ದ ಮ್ಯಾಲ ಮನಿಗೆ ಬಂದಳು. ಡಾಕ್ಟರಮ್ಮ ಕೊಟ್ಟ ತಾರೀಖಿಗೆ ಇನ್ನೂ ಒಂದು ತಿಂಗಳಿತ್ತು. ಆಕಿ ಬಂದ ನಾಕನೇ ದಿನ ಮುಂಜಾನಿ ನಾ ಗಾಡಿ ಹೊರಗ ತಗದು, ವಾಡಿಕಿ ಪ್ರಕಾರ ಹಾರ್ನು ಒತ್ತಿದೆ. ಕಮಕ್ ಕಿಮಕ್ ಇಲ್ಲ. ಇನ್ನೊಮ್ಮಿ ಒತ್ತಿದೆ, ಎರಡೂ ಕೈ ಸೇರಿಸಿ ಒತ್ತಿದೆ. ಗಾಡಿ ಓಡಾಕತ್ತೈತಿ, ಲೈಟು ಹತ್ತಾಕತ್ತೈತಿ, ಹಾರ್ನು ಮಾತ್ರ ಬಾಯಿ ಬಿಡವಲ್ದು. ಹಾರ್ನಿಲ್ದ ಬಸುರಿ ಮಗಳನ್ನ ಕೂಡಿಸ್ಕೊಂಡು ಹೈದರಾಬಾದು ದಾಟೂದು ಹ್ಯಾಂಗ?

ಮೆಕ್ಯಾನಿಕ್ ಕಡೆ ಒಯ್ಯಬೇಕಂದೆ. ಆದ್ರ ನಮ್ಮ ಕಾಲನಿಯಾಗ ಅದು ಆಗೂ ಮಾತಲ್ಲ. ಎಲೆಕ್ಟ್ರಾನಿಕ್ಸ್ ಕಾರಖಾನಿ ಮಂದಿ ನಾವು, ಒಂದು ಹಾರ್ನಿನ ಸಲುವಾಗಿ ರಸ್ತೆ ಬಾಜೂಕ ಹೋಗಿ ಕೈ ಚಾಚಬೇಕೇನು ಅಂತ ಎದುರು ಮನಿಯವರು ತಾವಾಗೇ ಬಂದು ನಿಂತ್ರು. ಅವರು ಟೆಸ್ಟಿಂಗ್ ಸೆಕ್ಷನ್ನು. ಅವರು ಬಂದದ್ದು ನೋಡಿ ಮ್ಯಾಲಿನ ಮನಿಯವರೂ ಇಳಿದು ಬಂದ್ರು. ಅವರು ಡಿಸೈನ್ ಸೆಕ್ಷನ್ನು. ಗಡಿಯಾರದ ಸಲುವಾಗಿ ಮಾತು ಬಿಟ್ಟವರು ಇವರ ಇಬ್ಬರು. ಅದಕ್ಕ ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ನಾ ತಿರುಗಿ ಹೇಳಬೇಕು, ಮಗ್ಗಲದಾಗ ನಿಂತಿದ್ರೂ.

ಮೊದಲ ಒಂದು ಪಟ್ಟಿ ತಯಾರಾತು, ಹಳೇ ಕ್ಯಾಲೆಂಡರಿನ ಹಿಂದಿನ ಮಗ್ಗಲದಾಗ. ಒಂದು, ಫ್ಯೂಸು. ಎರಡು, ಹಾರ್ನು. ಮೂರು, ಸ್ವಿಚ್ಚು. ನಾಕು, ವೈರು. ಎದುರಿಗೆ ನೋಡಿದವರ ಸಹಿ. ಫ್ಯೂಸು ನೋಡೂದು ಮೆಂಟೆನೆನ್ಸಿನ ಕೆಲಸ ಅಂತ ಇಬ್ಬರೂ ನಮ್ಮನಿಯವರ ಮಾರಿ ನೋಡಿದ್ರು. ಅವರು ಸ್ಟೇರಿಂಗಿನ ಕೆಳಗ ಒಂದು ಕ್ಷಣ ಬಗ್ಗಿ ಎದ್ದು, ಫ್ಯೂಸ್ ಓಕೆ ಐತಿ ಅಂದು ಸಹಿ ಮಾಡಿದ್ರು.

ನಮ್ಮ ಕಾರಖಾನಿಯಾಗ ಒಂದು ಪದ್ಧತಿ ಐತಿ. ಒಂದು ಸೆಕ್ಷನ್ನಿನವರು ನೋಡಿ ಸಹಿ ಹಾಕಿದ್ದನ್ನ ಮುಂದಿನ ಸೆಕ್ಷನ್ನಿನವರು ತಿರುಗಿ ಮುಟ್ಟೂದಿಲ್ಲ. ಮುಟ್ಟಿದ್ರ ಸಹಿ ಮಾಡಿದವರಿಗೆ ಅವಮಾನ. ಹಿಂಗಾಗಿ ಎಲ್ಲಾರೂ ಎರಡನೇ ನಂಬರಿನಿಂದ ಶುರು ಮಾಡಿದ್ರು.

ಟೆಸ್ಟಿಂಗಿನವರು ಮೀಟರು ತಂದು ಅಳೆದು, ಹಾರ್ನಿನತನಕ ಕರೆಂಟ್ ಬರಾಕತ್ತಿಲ್ಲ ಅಂದ್ರು. ಹಾರ್ನು ಬಿಚ್ಚಿ ಸೀದಾ ಬ್ಯಾಟರಿಗೆ ಹಚ್ಚಿದ್ರು, ಅದು ಇಡೀ ಓಣಿ ಬೆಚ್ಚಿ ಬೀಳೂ ಹಂಗ ಕೂಗಿತು. ಹಾರ್ನು ಗಟ್ಟಿ ಐತಿ, ಸಹಿ. ಡಿಸೈನಿನವರು ಸ್ವಿಚ್ಚು ಬಿಚ್ಚಿದ್ರು, ಅದೂ ಗಟ್ಟಿ, ಸಹಿ. ವೈರಿನ ಸಲುವಾಗಿ ಇಬ್ಬರೂ ಕೂಡಿ ಎರಡು ಆಯ್ತವಾರ ಡ್ಯಾಶ್‌ಬೋರ್ಡು ಕಳಚಿ, ಒಂದೊಂದ ವೈರು ಎಳೆದು ನೋಡಿ, ಎಲ್ಲೂ ಹರದಿಲ್ಲ ಅಂತ ಸಹಿ ಹಾಕಿದ್ರು. ಕಡೀಕ ಆ ಪಟ್ಟಿ ನನ್ನ ಕಡೆ ಬಂತು, ಇನ್ಸ್‌ಪೆಕ್ಷನ್ನಿಗೆ. ನಾ ಚಷ್ಮಾ ಹಾಕ್ಕೊಂಡು ಓದಿದೆ. ಫ್ಯೂಸು ಓಕೆ, ಹಾರ್ನು ಓಕೆ, ಸ್ವಿಚ್ಚು ಓಕೆ, ವೈರು ಓಕೆ. ನಾಕೂ ಸಹಿ ಸರಿ ಇದ್ವು. ಕಾಗದದ ಪ್ರಕಾರ ಹಾರ್ನು ಬರಾಕತ್ತಿತ್ತು. ನನಗೂ ಬ್ಯಾರೆ ದಾರಿ ಇರಲಿಲ್ಲ, ಪಾಸ್ ಅಂತ ಬರದು ಸಹಿ ಮಾಡಿದೆ.

ಗುಬ್ಬಿ

ಹಾರ್ನಿಲ್ಲದ ಹತ್ತನೇ ದಿನ ಡಿಸೈನಿನವರು ಒಂದು ಉಪಾಯ ತಂದ್ರು. ಮನಿ ಬಾಗಿಲಿಗೆ ಹಚ್ಚೂ ಕರೆಗಂಟಿ, ಒತ್ತಿದ್ರ ಗುಬ್ಬಿ ಚಿಂವ್ ಚಿಂವ್ ಅಂತಾವಲ್ಲ, ಅದನ್ನ ಬ್ಯಾಟರಿ ಸೆಲ್ಲು ಹಾಕಿ ಗಾಡಿ ಮುಂದ ಜೋಡಿಸಿದ್ರು. ಹೆರಿಗಿ ಆಗೂತನಕ ಇದು ನಡೀತೈತಿ ಅಂದ್ರು. ನಾ ಇಸಿಐಎಲ್ ಅಂತ ಅನ್ನೋ ದೊಡ್ಡ ಚೌಕದಾಗ, ಬಸ್ಸು ಆಟೋ ಎಲ್ಲಾ ಒಂದಕ್ಕೊಂದು ಸಿಕ್ಕಿಕೊಂಡಾಗ ಅದನ್ನ ಒತ್ತಿದೆ. ಗುಬ್ಬಿ ಕೂಗಿತು.

ಮುಂದಿದ್ದ ಆಟೋದವ ಗಿಡದ ಕಡೆ ನೋಡಿದ. ಸೈಕಲ್ಲಿನವ ಗಿಡದ ಕಡೆ ನೋಡಿದ. ಟ್ರಾಫಿಕ್ ಪೊಲೀಸನೂ ಕೈ ಕೆಳಗಿಳಿಸಿ ಗಿಡದ ಕಡೆ ನೋಡಿದ. ನಾ ಬಿಡಲಾರದ ಒತ್ತೇ ಒತ್ತಿದೆ, ಎಲ್ಲಾರೂ ಒಳ್ಳೇ ಆನಂದದಿಂದ ನೋಡತಾ ನಿಂತುಬಿಟ್ರು, ಒಬ್ಬ ಮನಷ್ಯಾ ಜಾಗಾ ಬಿಡಲಿಲ್ಲ. ನನಗ ಮಗಳ ಚಿಂತಿ, ಅಲ್ಲಿ ಮಂದಿ ಹಕ್ಕಿ ಹುಡುಕಾಕತ್ತಿದ್ರು. ಸಂಜಿಮುಂದ ಗುಬ್ಬೀನ ಬಿಚ್ಚಿ ಮ್ಯಾಲಿನ ಮನಿಗೆ ಮುಟ್ಟಿಸಿದೆ. ಡಿಸೈನಿನವರಿಗೆ ಬ್ಯಾಸರ ಆಗಲಿಲ್ಲ. ಸಪ್ಪಳ ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗಲಿಲ್ಲ ಅಂದ್ರ ಫಿಟಿಂಗ್ ಎಷ್ಟು ಸಫಾಯಿ ಆಗಿರಬೇಕು ನೋಡ್ರಿ ಅಂದ್ರು.

ಸಹಿ ನೋಡಿ ಹೆದರಿದ ಉಸ್ತಾದ

ಇನ್ನ ಯಾರ ಮರ್ಯಾದಿನೂ ನೋಡೂದಿಲ್ಲ ಅಂತ ಮರುದಿನ ನಾ ಗಾಡಿ ತಗೊಂಡು ಮೆಕ್ಯಾನಿಕ್ ಕಡೆ ಹೊಂಟೆ. ಮೂವತ್ತು ವರ್ಷದ ಹಳೇ ಉಸ್ತಾದ, ಗ್ರೀಸ್ ಹತ್ತಿದ ಕೈಯಾಗ ಬೀಡಿ ಹಿಡಕೊಂಡು ಕುಂತಿದ್ದ. ನಾನೂ ಬರತೀನಿ ಅಂತ ನಮ್ಮನಿಯವರು ಓಡಿ ಬಂದು ಕುಂತ್ರು. ಅವರಿಗೆ ಅಷ್ಟು ಕಾಳಜಿ ಅಂತ ನಾ ಖುಷಿಪಟ್ಟೆ.

ಉಸ್ತಾದ ಕತಿ ಕೇಳಿ ಬೀಡಿ ಒಗೆದು, ಮೊದಲ ಫ್ಯೂಸು ನೋಡೂಣ ಅಂದ. ಬಾಯಿ ಮುಚ್ಚೂದರೊಳಗ ನಮ್ಮನಿಯವರು ಅಂಗಿ ಕಿಸೆಯಿಂದ ಆ ಕ್ಯಾಲೆಂಡರ್ ಹಾಳಿ ತಗದು ಅವನ ಮುಂದ ಹಿಡಿದ್ರು. ಅದೆಲ್ಲಾ ನೋಡಿ ಆಗೈತಿ, ಕಾರಖಾನಿಯ ನಾಕು ಸೆಕ್ಷನ್ನಿನ ಮಂದಿ ನೋಡ್ಯಾರ ಅಂದ್ರು. ಉಸ್ತಾದನಿಗೆ ಓದಾಕ ಬರತಿರಲಿಲ್ಲ, ಆದ್ರ ಸಹಿ ಎಣಿಸಾಕ ಬಂತು. ಐದು ಸಹಿ ನೋಡಿ ಅವ ಕೈ ಒರೆಸ್ಕೊಂಡ. ಇಷ್ಟು ದೊಡ್ಡ ಮಂದಿ ನೋಡಿದ ಮ್ಯಾಲ ನಾ ಯಾವ ಗಿಡದ ತಪ್ಪಲಾ, ಬ್ಯಾಟರಿಯಿಂದ ಸೀದಾ ಹೊಸಾ ವೈರು ಎಳಕೊಡ್ತೀನಿ, ಹತ್ತು ಮಿನಿಟಿನ ಕೆಲಸ ಅಂದ.

ನನಗ ಹೋದ ಜೀವ ಬಂದಂಗಾತು. ಆದ್ರ ನಮ್ಮನಿಯವರು ಅದಕ್ಕೂ ಅಡ್ಡ ಬಂದ್ರು. ಸೀದಾ ವೈರು ಅಂದ್ರ ಬೆಂಕಿ ಹತ್ತೂ ಅಂಜಿಕಿ, ಗಾಡಿಯಾಗ ಬಸುರಿ ಕೂಡೂದೈತಿ ಅಂದ್ರು. ಬಸುರಿ ಅಂದ ಕೂಡ್ಲೆ ಉಸ್ತಾದ ಎರಡೂ ಕಿವಿ ಹಿಡಕೊಂಡು ಹಿಂದ ಸರದ. ಹೊರಳಿ ಮನಿಗೆ ಬಂದ್ವಿ. ದಾರಿಯಾಗ ನಮ್ಮನಿಯವರು ಯಾಕೋ ಭಾಳ ಬೆವತಿದ್ರು. ಬಿಸಿಲಿಗೆ ಅಂತ ತಿಳಕೊಂಡು ನಾ ಅವರಿಗೆ ಒಂದು ಗ್ಲಾಸ್ ಮಜ್ಜಿಗಿ ಕುಡಿಸಿದೆ, ಉಪ್ಪು ಜೀರಗಿ ಹಾಕಿ.

ಮೂರು ಭಾಷಾದ ಹಾರ್ನು

ಆ ಮ್ಯಾಲ ನಮ್ಮನಿಯವರು ನಾನ ಹಾರ್ನು ಆಗತೀನಿ ಅಂದ್ರು. ಕಿಡಕಿಯಿಂದ ಅರ್ಧಾ ಮೈ ಹೊರಗ ಹಾಕಿ ಕೂಗೂದು. ಆಟೋದವರಿಗೆ ಹಿಂದಿಯಾಗ, ಬಸ್ಸಿನವರಿಗೆ ತೆಲುಗಿನಾಗ. ಖರೇ ಹೇಳತೀನಿ, ಭಾಳ ಛಲೋ ಕೂಗತಿದ್ರು. ಮೆಂಟೆನೆನ್ಸಿನಾಗ ಮಷೀನಿನ ಸಪ್ಪಳದ ಮ್ಯಾಲ ಕೂಗಿ ಬೆಳೆಸಿದ ದನಿ. ನಾನೂ ಹಾರ್ನು ಇಲ್ಲಲ್ಲ ಅಂತ ಒಂದು ಸಲಕ್ಕ ಹತ್ತು ಸಲ ಕನ್ನಡಿ ನೋಡತಿದ್ದೆ, ಬ್ರೇಕಿನ ಮ್ಯಾಲ ಕಾಲು ಇಟ್ಟ ಇರತಿದ್ದೆ, ಮುಂದಿನ ಸೈಕಲ್ಲಿನವನ ಹೆಗಲು ಯಾವ ಕಡೆ ವಾಲತೈತಿ ಅಂತ ನೋಡಿ ಅವ ಎತ್ತ ತಿರಗತಾನ ಅಂತ ಹೇಳೂ ಹಂಗ ಆಗಿದ್ದೆ.

ಒಂದಿನ ಮಗಳನ್ನ ಡಾಕ್ಟರಿಗೆ ತೋರಿಸಾಕ ಹೊಂಟಿದ್ವಿ. ಗಚ್ಚಿಬೌಲಿ ಹತ್ತಿರ ಕಟ್ಟಾಕತ್ತಿದ್ದ ಒಂದು ದೊಡ್ಡ ಬಿಲ್ಡಿಂಗಿನ ಮುಂದ ಒಬ್ಬ ಹೆಣಮಗಳು ತಲಿ ಮ್ಯಾಲ ಬುಟ್ಟಿ ಹೊತ್ತು ರಸ್ತಾ ದಾಟಾಕತ್ತಿದ್ದಳು. ನಮ್ಮನಿಯವರಿಗೆ ಕೂಗಿ ಕೂಗಿ ಸಾಕಾಗಿತ್ತು, ಬಾಯಿ ತಪ್ಪಿ ಕನ್ನಡದಾಗ, "ಯವ್ವಾ, ಬಾಜೂಕ ಸರಿ" ಅಂದ್ರು.

ಆಕಿ ನಡು ರಸ್ತೆಯಾಗ ನಿಂತಳು. ಬುಟ್ಟಿ ಕೆಳಗಿಳಿಸಿದಳು. ಸೀದಾ ಗಾಡಿ ಮುಂದ ಬಂದು, "ಯಪ್ಪಾ, ಯಾವೂರ್ರಿ ನಿಮ್ಮದು?" ಅಂದಳು.

ಆಕಿ ಸೇಡಂ ಕಡ್ಯಾಕಿ. ಎಂಟು ತಿಂಗಳಾತಂತ ಹೊರಗಿನವರ ಬಾಯಾಗ ಕನ್ನಡ ಕೇಳಿ. ಆಕಿ ಕೂಗಿದ್ದಕ್ಕ ಬಿಲ್ಡಿಂಗಿನ ಮ್ಯಾಲಿಂದ ಗಂಡ ಇಳಿದು ಬಂದ, ಅವನ ಹಿಂದ ಊರಿನ ಹತ್ತು ಮಂದಿ ಬಂದ್ರು. ನಮ್ಮ ಹಿಂದ ಕಂಪನಿ ಕ್ಯಾಬುಗಳೆಲ್ಲಾ ಸಾಲು ಹಚ್ಚಿ ನಿಂತು ಹಾರ್ನು ಹೊಡಿಯಾಕತ್ತಿದ್ವು, ಇಲ್ಲಿ ಮಳಿ ಬೆಳಿ ವಿಚಾರಣಿ ನಡದಿತ್ತು. ಮಗಳ ಹೊಟ್ಟಿ ನೋಡಿ ಆ ಹೆಣಮಗಳು ಎರಡೂ ಕೈಲೆ ನೀವಾಳಿಸಿ ಲಟಿಕಿ ಮುರದು, ತನ್ನ ಬುತ್ತಿಯಾಗಿನ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ತಂದು ಕಿಡಕಿಯಿಂದ ಕೊಟ್ಟಳು. ಮಗಳು ಅಲ್ಲೇ ತಿಂದಳು. ಡಾಕ್ಟರಮ್ಮನ ಕಡೆ ಹೋಗೂದು ಮುಕ್ಕಾಲು ತಾಸು ತಡಾ ಆತು. ಯಾಕ ಅಂತ ಆಕಿ ಕೇಳಿದ್ರ, ನಮ್ಮ ಹಾರ್ನಿಗೆ ನೆಂಟರು ಸಿಕ್ಕಿದ್ರು ಅಂತ ನಾ ಹ್ಯಾಂಗ ಹೇಳ್ಲಿ?

ಹದಿನೆಂಟನೇ ದಿನ

ಕೊಟ್ಟ ತಾರೀಖಿಗೆ ಇನ್ನೂ ಹತ್ತು ದಿನ ಇರೂ ಮುಂದ, ಮಧ್ಯಾನ್ಹ ಮೂರಕ್ಕ ಮಗಳು ನಡು ಹಿಡಕೊಂಡು ಅಡಗಿಮನಿ ಬಾಗಲದಾಗ ನಿಂತಳು. ಮಾರಿ ನೋಡೇ ನನಗ ಗೊತ್ತಾತು. ಅಳಿಯನಿಗೆ ಫೋನ್ ಮಾಡಿ ನೀ ಸೀದಾ ಆಸ್ಪತ್ರಿಗೆ ಬಾರಪ್ಪಾ ಅಂದು, ಆಕಿನ್ನ ಹಿಂದ ಕೂಡಿಸಿ, ನಮ್ಮನಿಯವರನ್ನ ಬಾಜೂಕ ಕೂಡಿಸಿ ಗಾಡಿ ತಗದೆ. ಬಸ್ಸುಗಳ ನಡುವ, ಆಟೋಗಳ ಸಂದಿಯಾಗ ಮುಕ್ಕಾಲು ಊರು ದಾಟಿದೆ. ಎಲ್ಲೂ ತಾಗಿಸಲಿಲ್ಲ, ಎಲ್ಲೂ ಗಕ್ಕನ ಬ್ರೇಕ್ ಹಾಕಲಿಲ್ಲ.

ಆಸ್ಪತ್ರಿ ಇನ್ನೇನು ಅರ್ಧ ಮೈಲು ಇರಬೇಕು, ತಿರುವಿನಾಗ ಮದುವಿ ಮೆರವಣಿಗಿ ಎದುರಾತು. ಮುಂದ ಮರ್ಫಾ. ಅದು ನಮ್ಮ ಹೈದರಾಬಾದಿನ ಡೋಲಿನ ಮ್ಯಾಳ, ಬಾರಿಸಾಕ ಹತ್ತಿದ್ರ ಎದಿ ಒಳಗ ಗುದ್ದಿದಂಗ ಆಗತೈತಿ. ಅದರ ಹಿಂದ ಕುದುರಿ ಮ್ಯಾಲ ಮದುಮಗ. ಸುತ್ತಲೂ ಕುಣಿಯೂ ಮಂದಿ, ರಸ್ತಾ ಪೂರಾ ಬಂದ್. ಮಗಳು ನನ್ನ ಸೀಟು ಹಿಂದಿನಿಂದ ಗಟ್ಟಿ ಹಿಡಕೊಂಡು, "ಅವ್ವಾ, ಇನ್ನ ಆಗೂದಿಲ್ಲವ್ವಾ" ಅಂದಳು. ನನ್ನ ಕೈ ತಾನಾಗೇ ಆ ಸತ್ತ ಹಾರ್ನಿನ ಮ್ಯಾಲ ಹೋತು. ಒತ್ತಿದೆ, ಒತ್ತಿದೆ. ನನಗ ಅಳುನ ಬಂತು.

ಆಗ ನಮ್ಮನಿಯವರು ಕಿಸೆಯಿಂದ ತಮ್ಮ ಚಷ್ಮಾದ ಡಬ್ಬಿ ತಗದ್ರು. ಚಷ್ಮಾ ಕಣ್ಣ ಮ್ಯಾಲ ಇತ್ತು, ಡಬ್ಬಿ ಯಾಕ ಅಂತ ನಾ ನೋಡಿದೆ. ಒಳಗ ಒಂಚೂರು ಹತ್ತಿ ಅರಳಿ, ಅರಳಿಯೊಳಗ ಉಗುರಿನಷ್ಟು ದೊಡ್ಡದು ಒಂದು ಕೆಂಪು ತುಂಡು.

"ಬೈಬ್ಯಾಡ" ಅಂದ್ರು.

"ಏನ್ರಿ ಅದು?"

"ಫ್ಯೂಸು."

"ಯಾವ ಫ್ಯೂಸು?"

"ಒಂದನೇ ನಂಬರಿಂದು."

ಕಂಕುಳಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದ್ರು ಅಂತಾರಲ್ಲ, ಇಲ್ಲಿ ಕೂಸು ಬಚ್ಚಿಟ್ಟವರೇ ಹುಡುಕೂ ಮಂದಿ ಜೋಡಿ ನಿಂತಿದ್ರು. ಎರಡು ಆಯ್ತವಾರ ಡ್ಯಾಶ್‌ಬೋರ್ಡು ಬಿಚ್ಚಿದ ಮಂದಿಗೆ ಇವರೇ ಚಾ ತಂದು ಕೊಟ್ಟಿದ್ರು. ನನಗ ಎಲ್ಲಿಲ್ಲದ ಸಿಟ್ಟು ಬಂತು. ಅವರು ಅಷ್ಟರಾಗ ಬಗ್ಗಿ ಫ್ಯೂಸು ಅದರ ಜಾಗಾದಾಗ ಒತ್ತಿ ಕೂಡಿಸಿದ್ರು. ನಾ ಹಾರ್ನು ಒತ್ತಿದೆ.

ಬಂತು. ಹದಿನೆಂಟು ದಿನ ಆದ ಮ್ಯಾಲ, ಗಟ್ಟಿಯಾಗಿ, ಮೊದಲಿನಂಗ ಬಂತು. ಆದ್ರ ಒಬ್ಬನೂ ತಿರುಗಿ ನೋಡಲಿಲ್ಲ. ಮರ್ಫಾದ ಮುಂದ ನಮ್ಮ ಹಾರ್ನು ಆ ಗುಬ್ಬಿಗಿಂತ ಕಡಿಮಿ ಆತು.

ನಮ್ಮನಿಯವರು ಬಾಗಲಾ ತಗದು ಇಳದ್ರು. ಇಳಿಯೂ ಮುಂದ ನನ್ನ ಕಡೆ ತಿರುಗಿ, "ನೀ ಹಾರ್ನು ಒತ್ತಿ ಕಣ್ಣು ಮುಚ್ಚತಿದ್ದಿ. ಪ್ರತಿ ಸಲ. ಹಂಗ ಈ ಹುಡುಗಿನ್ನ ಕರಕೊಂಡು ಹೋಗತಿ ಅಂತ ಅಂಜಿ ತಗದಿಟ್ಟೆ. ನಾಕು ದಿನ ಬಿಟ್ಟು ಹಾಕಬೇಕಂತಿದ್ದೆ, ಅಷ್ಟರಾಗ ಮಂದಿಯೆಲ್ಲಾ ಸಹಿ ಮಾಡಿಬಿಟ್ರು" ಅಂದ್ರು.

ಹಿಂದ ಮಗಳು, ಅಷ್ಟು ಬ್ಯಾನಿಯಾಗ, ಹೊಟ್ಟಿ ಹಿಡಕೊಂಡು ನಗಾಕತ್ತಿದಳು. ನಗಿಸಬ್ಯಾಡ್ರಿ ಅಪ್ಪಾ, ನಗಿಸಬ್ಯಾಡ್ರಿ ಅಂತ ಅಳಾಕತ್ತಿದಳು. ಖರೇನ, ಕಣ್ಣು ಮುಚ್ಚತಿದ್ದೆ. ಒತ್ತೂದು, ಮುಚ್ಚೂದು, ಕಣ್ಣು ತಗದಾಗ ಮುಂದ ಯಾರೂ ಇರಬಾರದು ಅಂತ ದೇವರಿಗೆ ಬೇಡಕೊಳ್ಳೂದು, ಇದು ನನ್ನ ಡ್ರೈವಿಂಗ್ ಆಗಿತ್ತು. ಯಾರೂ ನೋಡಿಲ್ಲ ಅಂತ ತಿಳಕೊಂಡಿದ್ದೆ.

ಅಲ್ಲಿ ನಮ್ಮನಿಯವರು ಮ್ಯಾಳದ ಹಿರಿಯನ ಕಿವಿಯಾಗ ಏನೋ ಕೂಗಾಕತ್ತಿದ್ರು. ಅವನಿಗೆ ಕೇಳಸವಲ್ದು. ಹಿಂದಿಯಾಗ ಕೂಗಿದ್ರು, ತೆಲುಗಿನಾಗ ಕೂಗಿದ್ರು, ಅವ ತಲಿ ಅಲ್ಲಾಡಿಸಿ ಇನ್ನೂ ಜೋರ ಬಾರಿಸಿದ. ಕಡೀಕ ನಮ್ಮನಿಯವರು, ಅರವತ್ತಕ್ಕ ಬಂದ ಮನಷ್ಯಾ, ನಡು ರಸ್ತೆಯಾಗ ತಮ್ಮ ಹೊಟ್ಟಿ ಮುಂದ ಎರಡೂ ಕೈಲೆ ದೊಡ್ಡ ಗುಂಬ ಮಾಡಿ, ನಡು ಹಿಡಕೊಂಡು, ಮಾರಿ ಕಿವಿಚಿ, ಬ್ಯಾನಿ ತಿಂದು ತೋರಿಸಿ, ಗಾಡಿ ಕಡೆ ಬೆರಳು ಮಾಡಿದ್ರು.

ಹಿರಿಯ ಗಾಡಿಯೊಳಗ ಹಣಿಕಿ ನೋಡಿದ. ಒಂದು ಕೈ ಮ್ಯಾಲ ಎತ್ತಿದ. ಇಡೀ ಮರ್ಫಾ ಗರ್ರನ ತಿರುಗಿ ನಮ್ಮ ಗಾಡಿ ಮುಂದ ಬಂದು ನಿಂತಿತು, ಬಾರಿಸಿಕೋತ ಆಸ್ಪತ್ರಿ ಕಡೆ ಹೊಂಟಿತು. ಸಪ್ಪಳಕ್ಕ ಮಂದಿ ತಾವಾಗೇ ಎರಡೂ ಮಗ್ಗಲ ಸರದ್ರು, ಬಸ್ಸು ಸರದ್ವು, ಕ್ಯಾಬು ಸರದ್ವು. ಕುಣಿಯೂ ಮಂದಿ ಕುಣಿಕೋತ ಬ್ಯಾಂಡಿನ ಬೆನ್ನು ಹತ್ತಿದ್ರು. ನಾ ಕನ್ನಡಿಯಾಗ ನೋಡಿದ್ರ ಹಿಂದ ಆ ಕುದುರಿ ಮ್ಯಾಲ ಮದುಮಗ ಒಬ್ಬನ ಕುಂತಿದ್ದ, ಯಾರ ಮದುವಿ ಇದು ಅನ್ನೂ ಹಂಗ ನೋಡತಾ. ಆ ಹುಡುಗನಿಗೆ ದೇವರು ಒಳ್ಳೇದು ಮಾಡಲಿ.

ಆಸ್ಪತ್ರಿ ಬಾಗಲದಾಗ ಅಳಿಯ ನಿಂತಿದ್ದ. ಹೆಂಡತಿನ್ನ ಕಾಯಾಕ ಬಂದ ಹುಡುಗ, ಮರ್ಫಾ ಬರೂದು ನೋಡಿ ಕಕ್ಕಾಬಿಕ್ಕಿ ಆದ. ಅತ್ತಿ, ಇನ್ನೂ ಹುಟ್ಟೇ ಇಲ್ಲ, ಈಗೇ ಯಾಕ್ರಿ ಇದೆಲ್ಲಾ ಅಂದ.

ಮಗಳನ್ನ ಒಳಗ ಒಯ್ದ್ರು, ಅಳಿಯ ಕಾಗದ, ಔಷಧಿ ಅಂತ ಕೆಳಗ ಓಡಾಡಾಕತ್ತಿದ. ನಾ ಹೊರಗ ಬೆಂಚಿನ ಮ್ಯಾಲ ಕುಂತೆ. ನಮ್ಮನಿಯವರು ಒಂದು ಮನಷ್ಯಾನ ಜಾಗಾ ಬಿಟ್ಟು ಕುಂತ್ರು. ಹಂಗ ಎರಡು ತಾಸು ಹೋತು. ಅವರ ಕೈಯಾಗ ಆ ಖಾಲಿ ಚಷ್ಮಾದ ಡಬ್ಬಿ ಟಕ್ ಅಂತ ತಗೀತಿತ್ತು, ಟಕ್ ಅಂತ ಮುಚ್ಚತಿತ್ತು. ನಡುವ ಒಮ್ಮಿ ನಾನ ಸರದು ಅವರ ಮಗ್ಗಲಕ್ಕ ಕುಂತೆ. ಸಿಟ್ಟು ಹೋಗಿತ್ತು ಅಂತಲ್ಲ, ಅಂಜಿಕಿ ಅದಕ್ಕಿಂತ ದೊಡ್ಡದಿತ್ತು.

ಆರೂವರಿಗೆ ನರ್ಸು ಬಾಗಲಾ ತಗದು ನಮ್ಮನಿಯವರನ್ನ ಕರದಳು, ಅವರು ಹೋಗಿ ಹಣಿಕಿ ಹಾಕಿ ಬಂದ್ರು. ಕಣ್ಣು ತುಂಬಿದ್ವು. "ಹೆಣ್ಣು ಕೂಸು. ತಾಯಿ ಓಕೆ, ಕೂಸು ಓಕೆ" ಅಂದ್ರು.

"ನಿಮ್ಮ ಓಕೆ ನನಗ ಬ್ಯಾಡ" ಅಂದೆ. "ಸರೀರಿ, ನಾನ ನೋಡತೀನಿ."

ಒಳಗ ಹೋಗಿ ಮೊದಲ ಮಗಳ ಹಣಿ ಮುಟ್ಟಿ ನೋಡಿದೆ. ಬೆವತಿದ್ದಳು, ದಣದಿದ್ದಳು, ನನ್ನ ನೋಡಿ ನಕ್ಕಳು. ಇಷ್ಟು ದಿನ ಎದಿ ಮ್ಯಾಲ ಇಟ್ಟ ಕಲ್ಲು ಆಗ ಇಳೀತು ನೋಡ್ರಿ. ಆ ಮ್ಯಾಲ ಕೂಸಿನ ಅರಿವಿ ಬಿಚ್ಚಿದೆ. ಕೈ ಬೆರಳು ಹತ್ತು. ಕಾಲು ಬೆರಳು ಹತ್ತು. ಕಿವಿ ಎರಡೂ ಸರಿ. ಇನ್ನೊಮ್ಮಿ ಎಣಿಸಿದೆ. ಅಮ್ಮಾ, ಏನು ಹುಡುಕಾಕತ್ತೀರಿ, ಎಲ್ಲಾ ನಾವು ನೋಡೀವಿ ಅಂತ ನರ್ಸು ತೆಲುಗಿನಾಗ ಅಂದಳು. ನೋಡಿರಬೇಕವ್ವಾ, ಆದ್ರ ನಾ ಇನ್ನ ಮ್ಯಾಲ ಒಂದನೇ ನಂಬರಿನಿಂದನ ನೋಡೂದು ಅಂದೆ.

ಅಷ್ಟೊತ್ತು ಸುಮ್ಮನಿದ್ದ ಕೂಸಿಗೆ ನನ್ನ ಇನ್ಸ್‌ಪೆಕ್ಷನ್ ಸಾಕಾತು ಅಂತ ಕಾಣಸತೈತಿ. ಎರಡೂ ಕಣ್ಣು ಗಟ್ಟಿ ಮುಚ್ಚಿ, ಬಾಯಿ ತಗದು, ಆಸ್ಪತ್ರಿಯೆಲ್ಲಾ ಕೇಳೂ ಹಂಗ ಚೀರಿತು. ನಮ್ಮನಿಯವರು ಬಾಗಲದಾಗ ನಿಂತು ಅದನ್ನ ನೋಡಿದ್ರು, ನನ್ನ ನೋಡಿದ್ರು.

"ನೋಡು, ಕಣ್ಣು ಮುಚ್ಚಿ ಹಾರ್ನು ಹೊಡಿಯಾಕತ್ತೈತಿ" ಅಂದ್ರು. "ಪೂರಾ ನಿನ್ನ ಅಚ್ಚು."